ಮಲಕ್‌ಗಳಿಗೆ ಸಲಾಂ ಸರಿ, ಪೂಜೆ ಉಂಟಾ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಸಾಹೇಬರು ನಮಾಜ್ ಮುಗಿಸುವಾಗ ಕತ್ತನ್ನು ಬಲಕ್ಕೊಮ್ಮೆ, ಎಡಕ್ಕೊಮ್ಮೆ ತಿರುಗಿಸಿ ಏನೋ ಹೇಳುತ್ತಾರೆ. ಕೇಳಿದರೆ, 'ಭುಜದ ಮೇಲಿರುವ ಮಲಕ್‌ಗಳಿಗೆ ಸಲಾಂ' ಅಂದರು. ಮಲಕ್ ಅಂದರೆ ದೇವದೂತರಂತೆ. ಹಾಗಾದರೆ ಮುಸ್ಲಿಮರೂ ಒಂಥರಾ ದೇವತೆಗಳನ್ನು ಪೂಜಿಸುತ್ತಾರೆ ಅಂತಾಯ್ತಲ್ವಾ? ಆ ಮಲಕ್‌ಗಳು ನಮ್ಮ ಚಿತ್ರಗುಪ್ತನ ಹಾಗಾ?

ಉತ್ತರ: ಸಲಾಂ ಹೌದು, ಪೂಜೆ ಅಲ್ಲ.

ರೈಟರ್ ಸಾಹೇಬರು ಹೇಳುವ ಮಾತು 'ಅಸ್ಸಲಾಮು ಅಲೈಕುಮ್ ವ ರಹ್ಮತುಲ್ಲಾಹ್'. ನಿಮ್ಮ ಮೇಲೆ ಶಾಂತಿ, ದೇವರ ಕರುಣೆ ಇರಲಿ ಅಂತ. ಪಕ್ಕದಲ್ಲಿ ನಮಾಜ್ ಮಾಡುತ್ತಿರುವವರಿಗೂ ಅದೇ ಸಲಾಂ. ಇಲ್ಲಿ ಮಲಕ್‌ಗಳ ಹತ್ತಿರ ಏನನ್ನೂ ಬೇಡುತ್ತಿಲ್ಲ, ಅವರಿಗೆ ಒಳ್ಳೆಯದಾಗಲಿ ಅಂತ ದೇವರಲ್ಲಿ ಬೇಡುತ್ತಿದ್ದಾರೆ. ಮಲಕ್‌ಗಳೂ ಹಾಗೇ: ನಂಬಿದವರನ್ನು ಕ್ಷಮಿಸು ಎಂದು ಅವರು ದೇವರನ್ನು ಕೇಳುತ್ತಾರೆ ಎನ್ನುತ್ತದೆ ಕುರಾನ್.

ಇಸ್ಲಾಮಿನಲ್ಲಿ ನಂಬಲೇಬೇಕಾದ 6 ವಿಷಯಗಳಲ್ಲಿ ಮಲಕ್‌ಗಳೂ ಒಂದು. ಪಟ್ಟಿಯಲ್ಲಿ ದೇವರ ನಂತರ ಅವರದೇ ಹೆಸರು. ಹದೀಸಿನ (ಪ್ರವಾದಿ ಮುಹಮ್ಮದರ ನಡೆ ನುಡಿಗಳ ದಾಖಲೆ) ಪ್ರಕಾರ ಅವರನ್ನು ಬೆಳಕಿನಿಂದ ಸೃಷ್ಟಿಸಲಾಯಿತು, ಜಿನ್ನ್‌ಗಳೆಂಬ ಕಣ್ಣಿಗೆ ಕಾಣದ ಜೀವಿಗಳನ್ನು ಬೆಂಕಿಯಿಂದ, ಮೊದಲ ಮನುಷ್ಯ ಆದಮರನ್ನು ಮಣ್ಣಿನಿಂದ. ರೆಕ್ಕೆಗಳಿವೆ. ಊಟ ಇಲ್ಲ. ಪ್ರವಾದಿ ಇಬ್ರಾಹೀಮರ ಮನೆಗೆ ಅತಿಥಿಗಳಾಗಿ ಬಂದವರ ಮುಂದೆ ಹುರಿದ ಕರುವಿನ ಮಾಂಸ ಇಟ್ಟರೂ ಅವರು ಕೈ ಚಾಚಲಿಲ್ಲ. ಮಲೆನಾಡಿನಲ್ಲೂ ನೆಂಟರು ಬಡಿಸಿದ್ದನ್ನು ಮುಟ್ಟದೆ ಕೂತರೆ ಮನೆಯವರಿಗೆ ಗಾಬರಿಯೇ ಅಲ್ವಾ? ಇಬ್ರಾಹೀಮರಿಗೂ ಭಯವಾಯಿತು. ಆಮೇಲೆ ತಿಳಿಯಿತು, ಬಂದವರು ಮನುಷ್ಯರಲ್ಲ ಅಂತ.

ಪೂಜೆಯ ಮಾತಿಗೆ ಬರೋಣ. ಮಲಕ್‌ಗಳು ದೇವರ ಹೆಣ್ಣುಮಕ್ಕಳು ಎಂದು ಅಂದಿನ ಮಕ್ಕಾದಲ್ಲಿ ನಂಬಿದವರಿದ್ದರು. ಕುರಾನ್ ಇದನ್ನು ಜೋರಾಗಿಯೇ ತಳ್ಳಿಹಾಕುತ್ತದೆ. 34ನೇ ಅಧ್ಯಾಯದಲ್ಲಿ ಅಂತಿಮ ದಿನದ ಒಂದು ಸನ್ನಿವೇಶ ಇದೆ. 'ಇವರು ಪೂಜಿಸುತ್ತಿದ್ದದ್ದು ನಿಮ್ಮನ್ನೇನು?' ಎಂದು ದೇವರು ಮಲಕ್‌ಗಳನ್ನು ಕೇಳುತ್ತಾನೆ. ಅವರು ಒಪ್ಪುವುದಿಲ್ಲ. ನಮ್ಮ ರಕ್ಷಕ ನೀನೇ, ಇವರಲ್ಲ ಎನ್ನುತ್ತಾರೆ. ನನಗೆ ಇದಕ್ಕಿಂತಲೂ ದೊಡ್ಡದಾಗಿ ಕಾಣುವುದು ಆದಮರ ಕಥೆ. ಅಲ್ಲಿ ಮನುಷ್ಯ ಮಲಕ್‌ಗಳಿಗೆ ಬಾಗುವುದಿಲ್ಲ, ದೇವರ ಆಜ್ಞೆಯಂತೆ ಮಲಕ್‌ಗಳೇ ಮೊದಲ ಮನುಷ್ಯನಿಗೆ ಬಾಗುತ್ತಾರೆ! ಬಾಗದೆ ಸೆಟೆದು ನಿಂತವನು ಇಬ್ಲೀಸ್, ಅಂದರೆ ಸೈತಾನ. ಅವನು ಜಿನ್ನ್‌ಗಳ ಪೈಕಿ ಎಂದು 18ನೇ ಅಧ್ಯಾಯ ಹೇಳುತ್ತದೆ. ಮಲಕ್‌ಗಳಿಗಾದರೆ ಆಜ್ಞೆ ಮೀರುವ ಸ್ವಭಾವವೇ ಇಲ್ಲ.

ಚಿತ್ರಗುಪ್ತನ ಹೋಲಿಕೆ ಅರ್ಧ ಸರಿ. ಪ್ರತಿಯೊಬ್ಬರ ಬಲಕ್ಕೂ ಎಡಕ್ಕೂ ಕುಳಿತು ನಡೆ ನುಡಿ ಬರೆದಿಡುವ ಮಲಕ್‌ಗಳಿದ್ದಾರೆ. (ಭುಜದ ಮೇಲೆ ಅನ್ನುವುದು ಜನರ ರೂಢಿಯ ಮಾತು. ಕುರಾನಿನಲ್ಲಿ ಬಲ, ಎಡ ಅಂತಷ್ಟೇ ಇದೆ.) ಆದರೆ ಲೆಕ್ಕ ಬರೆಯುವ ರೀತಿ ನೋಡಿ: ಒಂದು ಒಳ್ಳೆಯ ಕೆಲಸ ಮಾಡಿದರೆ ಕಡಿಮೆ ಅಂದರೂ ಹತ್ತು. ಕೆಟ್ಟದ್ದು ಮಾಡಿದರೆ ಒಂದೇ. ಕೆಟ್ಟದ್ದು ಮಾಡಬೇಕು ಅಂದುಕೊಂಡವನು ದೇವರಿಗಾಗಿ ಅದನ್ನು ಬಿಟ್ಟುಬಿಟ್ಟರೆ ಅದೂ ಒಂದು ಒಳ್ಳೆಯ ಕೆಲಸ ಎಂದೇ ದಾಖಲು. ಲೆಕ್ಕ ಸ್ವಲ್ಪ ಜಾಸ್ತಿಯೇ ಮನುಷ್ಯನ ಕಡೆ ವಾಲಿದೆ.

ಮಲಕ್‌ಗಳಿಗೆ ಪಾಳಿಯೂ ಉಂಟು. ಹಗಲಿನವರು, ರಾತ್ರಿಯವರು ಫಜ್ರ್ (ಮುಂಜಾನೆ) ಮತ್ತು ಅಸರ್ (ಸಂಜೆಗೆ ಮುಂಚಿನ) ನಮಾಜಿನ ಹೊತ್ತಿಗೆ ಒಟ್ಟಾಗುತ್ತಾರೆ. ಹಿಂತಿರುಗಿದವರನ್ನು ದೇವರು, ತನಗೆ ಗೊತ್ತಿದ್ದೂ, ನನ್ನ ದಾಸರು ಹೇಗಿದ್ದರು ಎಂದು ಕೇಳುತ್ತಾನಂತೆ. 'ಹೋದಾಗಲೂ ನಮಾಜಿನಲ್ಲಿದ್ದರು, ಬರುವಾಗಲೂ ನಮಾಜಿನಲ್ಲಿದ್ದರು' ಎನ್ನುವುದು ಅವರ ವರದಿ.

ಇನ್ನು ಹೆಸರುಗಳು. ದೇವರ ಸಂದೇಶ ತಂದವರು ಜಿಬ್ರೀಲ್. ಕುರಾನಿನಲ್ಲಿ ಅವರ ಹೆಸರೂ ಮೀಕಾಯೀಲರ ಹೆಸರೂ ಇವೆ. ಅಂತಿಮ ದಿನ ಕಹಳೆ ಊದುವ ಇಸ್ರಾಫೀಲರ ಹೆಸರು ಅಲ್ಲಿಲ್ಲ. ಪ್ರಾಣ ತೆಗೆಯುವ ಅಜ್ರಾಯೀಲ್ ಎಂಬ ಹೆಸರು ಎಲ್ಲರ ಬಾಯಲ್ಲೂ ಇದ್ದರೂ, ಕುರಾನಿನಲ್ಲಿ ಅವರು ಬರೀ 'ಸಾವಿನ ಮಲಕ್'. ಅವರೂ ಹೇಳಿದ ಹೊತ್ತಿಗೆ ಬಂದು, ಹೇಳಿದಷ್ಟು ಮಾಡಿ ಹೋಗುವವರೇ. ಇನ್ನೂ ನಾಲ್ಕು ದಿನ ಕೊಡಿ ಅಂತ ಅವರ ಕಾಲು ಹಿಡಿದು ಪ್ರಯೋಜನವಿಲ್ಲ.