ಎಲ್ಲರಿಗೂ ಇಂಗ್ಲಿಷ್ ಬರತ್ತಲ್ಲ, ಮತ್ಯಾಕೆ ವೆಲ್ಶ್ ಕಲೀತಾರೆ?

ಪ್ರಶ್ನೆ: ಬ್ರಿಟನ್ನಿನ ವೇಲ್ಸ್‌ನಲ್ಲಿ ಎಲ್ಲರಿಗೂ ಇಂಗ್ಲಿಷ್ ಗೊತ್ತು. ಹಾಗಿದ್ದಮೇಲೆ ವಯಸ್ಸಾದವರೂ ಸಂಜೆ ಕ್ಲಾಸಿಗೆ ಹೋಗಿ ವೆಲ್ಶ್ ಕಲಿಯೋದು ಯಾಕೆ? ಬರೀ ಹಠಕ್ಕಾ?

ಈ ಪ್ರಶ್ನೆಗೆ ಎಷ್ಟನೇ ಸಲ ಉತ್ತರ ಕೊಡ್ತಿದೀನೋ ಲೆಕ್ಕ ಇಟ್ಟಿಲ್ಲ. ಊರಿಗೆ ಹೋದಾಗ ನಮ್ಮ ಚಿಕ್ಕಪ್ಪ ಇದನ್ನೇ ಕೇಳ್ತಾರೆ, ಇಲ್ಲಿ ವೇಲ್ಸ್ ರಾಜಧಾನಿ ಕಾರ್ಡಿಫ್‌ನಲ್ಲಿ ನನ್ನ ಜೊತೆ ಕೆಲಸ ಮಾಡೋ ಇಂಗ್ಲಿಷರೂ ಇದನ್ನೇ ಕೇಳ್ತಾರೆ, ಅದಕ್ಕೇ ಒಂದ್ಸಲ ಪೂರ್ತಿ ಬರೆದು ಹಾಕಿಬಿಡ್ತೀನಿ, ಇನ್ಮೇಲೆ ಕೇಳಿದವರಿಗೆ ಇದನ್ನೇ ಕಳಿಸಿದ್ರಾಯ್ತು.

ಒಂದೇ ಕಾರಣ ಅಂತ ಇಲ್ಲ. ನಮ್ಮ ಗುರುವಾರದ ಕ್ಲಾಸನ್ನೇ ತಗೊಳ್ಳಿ. ಅರವತ್ತು ದಾಟಿದ ಒಬ್ರಿದಾರೆ, ಅವರಜ್ಜಿ ಮನೇಲಿ ಮಾತಾಡ್ತಿದ್ದಿದ್ದು ವೆಲ್ಶೇ, ಅಪ್ಪನಿಗೆ ಎರಡೂ ಭಾಷೆ ಬರ್ತಿತ್ತು, ಆದ್ರೆ ಮಗನ ಹತ್ರ ಅಪ್ಪ ವೆಲ್ಶಲ್ಲಿ ಒಂದು ಮಾತೂ ಆಡಲಿಲ್ಲ. ಅಪ್ಪನ್ನ ಬೈದು ಪ್ರಯೋಜನ ಇಲ್ಲ. 19ನೇ ಶತಮಾನದಲ್ಲಿ ಎಷ್ಟೋ ಸ್ಕೂಲಲ್ಲಿ ವೆಲ್ಶ್ ಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ 'ವೆಲ್ಶ್ ನಾಟ್' ಅನ್ನೋ ಮರದ ತುಂಡು ನೇತುಹಾಕ್ತಿದ್ರು, ಇನ್ನೊಂದು ಮಗು ಸಿಕ್ಕಿಬಿದ್ರೆ ಅದಕ್ಕೆ ದಾಟಿಸೋದು, ಸಂಜೆ ಯಾರ ಕೊರಳಲ್ಲಿ ಇರತ್ತೋ ಅವರಿಗೆ ಏಟು. 1847ರಲ್ಲಿ ಸರ್ಕಾರಿ ವರದಿಯೊಂದು ಈ ಜನ ಹಿಂದುಳಿಯೋದಕ್ಕೆ ಅವರ ಭಾಷೆಯೇ ಕಾರಣ ಅಂತ ಬರೆದುಬಿಡ್ತು. ವೆಲ್ಶಿಂದ ಹೊಟ್ಟೆ ತುಂಬಲ್ಲ ಅನ್ನೋದು ಆಮೇಲೆ ತಲೆತಲಾಂತರಕ್ಕೂ ತಲೇಲಿ ಕೂತ್ಕೊಳ್ತು. ಈಗ ಈ ಮೊಮ್ಮಗ ಪೆನ್ಸಿಲ್ ಹಿಡ್ಕೊಂಡು ಅಜ್ಜಿ ಮಾತನ್ನ ಅ ಆ ಇ ಈ ಇಂದ ಕಲೀತಿದಾರೆ.

ಅವರ ಪಕ್ಕದಲ್ಲಿ ಕೂರೋದು ಕೇರಳದ ನರ್ಸ್. ಅವರ ವಾರ್ಡಲ್ಲಿ ಮರೆವಿನ ಕಾಯಿಲೆಯ ಒಬ್ಬ ಅಜ್ಜಿ, ರಾತ್ರಿಯೆಲ್ಲ 'ದೂರ್, ದೂರ್' ಅಂತ ಒಂದೇ ಸಮ ಕೇಳ್ತಿದ್ರಂತೆ. ಇವರು ಇಂಗ್ಲಿಷಿನ ಡೋರ್ ಅಂದ್ಕೊಂಡು ಬಾಗಿಲು ತೆಗೀತಿದ್ರು, ಹಾಕ್ತಿದ್ರು. ಬೆಳಿಗ್ಗೆ ಡ್ಯೂಟಿಗೆ ಬಂದ ಆಯಾ ನೋಡಿ ನಕ್ಕು ನೀರು ತಂದ್ಕೊಟ್ರಂತೆ. ವೆಲ್ಶಲ್ಲಿ ದೂರ್ ಅಂದ್ರೆ ನೀರು. ಮರೆವು ಬಂದವರಿಗೆ ಎಷ್ಟೋ ಸಲ ಆಮೇಲೆ ಕಲಿತ ಭಾಷೆ ಮೊದಲು ಕೈಕೊಡತ್ತೆ, ಅಮ್ಮನ ಹತ್ರ ಕಲಿತಿದ್ದು ಕೊನೇವರೆಗೂ ಉಳಿಯತ್ತೆ. 'ಎಲ್ಲರಿಗೂ ಇಂಗ್ಲಿಷ್ ಬರತ್ತಲ್ಲ' ಅನ್ನೋರು ಆ ಅಜ್ಜಿಗೆ ಹೋಗಿ ಹೇಳಿ.

ಇನ್ನು ಮಕ್ಕಳನ್ನ ವೆಲ್ಶ್ ಮೀಡಿಯಂಗೆ ಹಾಕಿ ಹೋಮ್‌ವರ್ಕ್ ಮಾಡಿಸೋಕಾಗದೆ ಬಂದ ಅಪ್ಪ ಅಮ್ಮಂದಿರು, ಸರ್ಕಾರಿ ಕೆಲಸಕ್ಕೆ ಅನುಕೂಲ ಅಂತ ಬಂದವರು, ಗಂಡನ ಮನೆಯವರು ಏನು ಮಾತಾಡ್ಕೋತಾರೆ ತಿಳ್ಕೊಬೇಕು ಅಂತ ಬಂದವರು, ಇವೆಲ್ಲ ನಿಮಗೇ ಅರ್ಥ ಆಗತ್ತೆ. ಸಿಟ್ಟಿಗೆ ಕಲಿಯೋರೂ ಇದಾರೆ. 1965ರಲ್ಲಿ ಲಿವರ್‌ಪೂಲಿಗೆ ನೀರು ಬೇಕು ಅಂತ ಟ್ರವೆರಿನ್ ಕಣಿವೆಯ ಕಾಪೆಲ್ ಕೆಲಿನ್ ಅನ್ನೋ ವೆಲ್ಶ್ ಮಾತಾಡೋ ಊರನ್ನ ಸ್ಕೂಲು ಚರ್ಚು ಸಮೇತ ಮುಳುಗಿಸಿದ್ರು, ಮುಳುಗಡೆ ಅಂದ್ರೇನು ಅಂತ ನಮ್ಮ ಶರಾವತಿ ಕಡೆಯವರಿಗೆ ನಾನು ಹೇಳೋದು ಬೇಕಿಲ್ಲ.

ಈಗ ಅಸಲಿ ವಿಷಯಕ್ಕೆ ಬರ್ತೀನಿ. 'ಹಠಕ್ಕಾ' ಅಂತ ಕೇಳಿದ್ರಲ್ಲ, ಅದರ ಹಿಂದಿರೋದು ಪಬ್ ಕಥೆ. 'ನಾವು ವೇಲ್ಸ್‌ಗೆ ಟ್ರಿಪ್ ಹೋಗಿದ್ವಿ, ಪಬ್ ಒಳಗೆ ಕಾಲಿಟ್ಟ ತಕ್ಷಣ ಅಲ್ಲಿದ್ದೋರೆಲ್ಲ ಇಂಗ್ಲಿಷ್ ಬಿಟ್ಟು ವೆಲ್ಶ್ ಶುರು ಮಾಡಿದ್ರು, ನಮಗೆ ಅರ್ಥ ಆಗಬಾರದು ಅಂತ.' ಈ ಕಥೆ ಹೇಳೋರು ಊರಿಗೊಬ್ರು ಸಿಗ್ತಾರೆ, ಅರ್ಧ ಜನರಿಗೆ ಅದು ಅವರ ಭಾವಮೈದುನನ ಫ್ರೆಂಡಿಗೆ ಆಗಿರತ್ತೆ. ಸ್ವಲ್ಪ ತಲೆ ಓಡಿಸ್ರಪ್ಪ. ನೀವು ಬಾಗಿಲ ಆಚೆ ಇದ್ದಾಗ ಅವರು ಯಾವ ಭಾಷೆ ಮಾತಾಡ್ತಿದ್ರು ಅಂತ ನಿಮಗೆ ಹೇಗೆ ಗೊತ್ತಾಯ್ತು? ಮತ್ತೆ ನೀವು ಇನ್ನೂ ಬಾಯೇ ತೆಗೆದಿಲ್ಲ, ನಿಮಗೆ ವೆಲ್ಶ್ ಬರಲ್ಲ ಅಂತ ಅವರಿಗೆ ಹೇಗೆ ಗೊತ್ತಾಯ್ತು, ಹಣೇಲಿ ಬರೆದಿತ್ತಾ?

ಆಗಿರೋದು ಇಷ್ಟೇ. ಅವರು ಮೊದಲಿಂದಲೂ ವೆಲ್ಶೇ ಮಾತಾಡ್ತಿದ್ರು, ಆದ್ರೆ ಮಾತಿನ ಮಧ್ಯೆ ಸೋ, ಎನಿವೇ, ವೀಕೆಂಡು ಅಂತ ಇಂಗ್ಲಿಷ್ ಪದ ಧಾರಾಳವಾಗಿ ಬರತ್ತೆ, ನಮ್ಮ ಕನ್ನಡದಲ್ಲಿ ಬರಲ್ವಾ ಹಾಗೇ. ಬಾಗಿಲಲ್ಲಿ ನಿಂತವರ ಕಿವಿಗೆ ಗೊತ್ತಿರೋ ಆ ನಾಲ್ಕು ಪದ ಮೊದಲು ಬೀಳತ್ತೆ, ಓಹೋ ಇಂಗ್ಲಿಷು ಅಂದ್ಕೋತಾರೆ, ಹತ್ರ ಹೋಗಿ ಕೂತಮೇಲೆ ಉಳಿದಿದ್ದು ಕೇಳಿಸತ್ತೆ, ಆಗ ಭಾಷೆ ಬದಲಾಯಿಸಿದ್ರು ಅಂತ ಆರೋಪ. ನೀವು ನಿಮ್ಮ ಅಕ್ಕನ ಜೊತೆ ದರ್ಶಿನೀಲಿ ಕಾಫಿ ಕುಡೀತಾ ಕನ್ನಡ ಮಾತಾಡೋದು ಪಕ್ಕದ ಟೇಬಲ್ಲಿನವರನ್ನ ಉರಿಸೋಕಾ? ಅಕ್ಕನ ಜೊತೆ ಇಂಗ್ಲಿಷ್ ಮಾತಾಡಿದ್ರೆ ನಾಟಕ ಆಡಿದ ಹಾಗಿರತ್ತೆ, ಅಷ್ಟೇ.

ತಮಾಷೆ ಏನಂದ್ರೆ ಕಲಿಯೋರ ಗೋಳು ಇದಕ್ಕೆ ಪೂರ್ತಿ ಉಲ್ಟಾ. ನಾನು ಕೆರ್ನಾರ್ವನ್‌ಗೆ ಹೋಗಿದ್ದೆ, ಉತ್ತರದಲ್ಲಿ, ರಸ್ತೇಲಿ ನಾಯಿಗೂ ವೆಲ್ಶಲ್ಲೇ ಬೈಯೋ ಊರು ಅದು. ಕೆಫೇಲಿ ಮೂರು ಸಲ ಮನಸ್ಸಲ್ಲೇ ಹೇಳ್ಕೊಂಡು ಟೀ ಕೇಳಿದೆ, ಕೌಂಟರ್ ಹಿಂದಿದ್ದ ಹುಡುಗಿ ನನ್ನ ತಡವರಿಕೆ ನೋಡಿ ಪಾಪ ಅನಿಸಿ ಸೀದಾ ಇಂಗ್ಲಿಷಿಗೆ ಇಳಿದಳು, 'ಹಾಲು ಬೇಕಾ ಸರ್?' ಅಂತ. ನಮ್ಮ ಕ್ಲಾಸಲ್ಲಿ ಎಲ್ಲರ ಕಥೆನೂ ಇದೇ, ವೆಲ್ಶಲ್ಲಿ ಉತ್ತರ ಕೊಡ್ರಪ್ಪ ಅಂತ ಬೇಡ್ಕೋಬೇಕು, ಕೆಲವರು 'ನಾನು ವೆಲ್ಶ್ ಕಲೀತಿದೀನಿ' ಅಂತ ಬ್ಯಾಡ್ಜ್ ಹಾಕ್ಕೊಂಡು ಓಡಾಡ್ತಾರೆ. ಬೆಂಗಳೂರಲ್ಲಿ ಯಾರಾದ್ರೂ ಕಷ್ಟಪಟ್ಟು ಕನ್ನಡದಲ್ಲಿ ದಾರಿ ಕೇಳಿದ್ರೆ ನಾವು ಹಿಂದೀಲಿ ಹೇಳಿ ಕಳಿಸ್ತೀವಲ್ಲ, ಅದೇ ದಾಕ್ಷಿಣ್ಯ. 2021ರ ಜನಗಣತಿ ಪ್ರಕಾರ ವೆಲ್ಶ್ ಬರೋರು 5 ಲಕ್ಷ 38 ಸಾವಿರ, ಅಂದ್ರೆ 17.8 ಪರ್ಸೆಂಟು. 2050ರ ಹೊತ್ತಿಗೆ ಹತ್ತು ಲಕ್ಷ ಮಾಡ್ತೀವಿ ಅಂತ ಸರ್ಕಾರ ಹೊರಟಿದೆ, ಮೊದಲು ಆ ಕೆಫೆ ಹುಡುಗೀಗೆ ಸ್ವಲ್ಪ ತಾಳ್ಮೆ ಹೇಳ್ಕೊಡಲಿ.

ಟೀ ಅಂದಾಗ ನೆನಪಾಯ್ತು, ಇದನ್ನ ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ. ವೆಲ್ಶಲ್ಲಿ ಟೀಗೆ 'ಟೇ', ಒಂದು ಕಪ್ಪಿಗೆ 'ಪಾನೆಡ್'. ಆದ್ರೆ ಒಂದು ಕಪ್ ಟೀ ಸಿಗತ್ತಾ ಅಂತ ಕೇಳುವಾಗ 'ಗಾ ಈ ಬಾನೆಡ್ ಓ ಡೇ'. ಪ ಹೋಗಿ ಬ ಬಂತು, ಟ ಹೋಗಿ ಡ ಬಂತು. ಕಾಫಿ ಆದ್ರೆ 'ಕೊಫಿ' ಹೋಗಿ 'ಗೊಫಿ'. ಇಂಗ್ಲಿಷರು ಇಲ್ಲೇ ತಲೆ ಚಚ್ಕೊಳ್ಳೋದು, ಪದದ ಮೊದಲ ಅಕ್ಷರವೇ ಬದಲಾದ್ರೆ ಡಿಕ್ಷನರೀಲಿ ಎಲ್ಲಿ ಹುಡುಕೋದು ಅಂತ. ನನಗೆ ನಗು. ಮಳೆ ಕಾಲ ಸೇರಿ ಮಳೆಗಾಲ, ಬೆಟ್ಟ ತಾವರೆ ಸೇರಿ ಬೆಟ್ಟದಾವರೆ, ಕಣ್ ಪನಿ ಸೇರಿ ಕಂಬನಿ. ಹೈಸ್ಕೂಲಲ್ಲಿ ಐದು ಮಾರ್ಕಿಗೆ ಬಾಯಿಪಾಠ ಮಾಡಿದ ಆದೇಶಸಂಧಿ! ನಮ್ಮಲ್ಲಿ ಎರಡು ಪದ ಸೇರಿ ಒಂದಾದ್ರೆ ಮಾತ್ರ, ಅವರಲ್ಲಿ ಬಿಡಿಬಿಡಿಯಾಗಿದ್ರೂ ಹಿಂದಿನ ಪದ ನೋಡ್ಕೊಂಡು ಬದಲಾಗತ್ತೆ, ಅಷ್ಟೇ ವ್ಯತ್ಯಾಸ. ಇದರಲ್ಲಿ ಅವರೂ ಎಡವ್ತಾರೆ ಬಿಡಿ. ಮುಳುಗಿದ ಆ ಕಣಿವೆ ನೆನಪಿಗೆ ರಸ್ತೆ ಬದಿಯ ಒಂದು ಮುರಿದ ಗೋಡೆ ಮೇಲೆ 'ಟ್ರವೆರಿನ್ ನೆನಪಿರಲಿ' ಅಂತ ಬರೆದಿದಾರೆ, ಇವತ್ತಿಗೂ ಇದೆ, ವ್ಯಾಕರಣದ ಪ್ರಕಾರ ಅಲ್ಲಿ 'ಡ್ರವೆರಿನ್' ಆಗಬೇಕು, ಮೊದಲ ಸಲ ಬರೆದವರು ಟ್ರವೆರಿನ್ ಅಂತಲೇ ಬಿಟ್ಟಿದ್ರು, ಆಮೇಲೆ ಬಣ್ಣ ಬಳಿಯುವಾಗ ಸರಿ ಮಾಡಿದ್ದು.

ಹೋದ ವಾರ ಇದರ ಮುಂದಿನ ಪಾಠ. 'ಒಳಗೆ' ಅನ್ನೋ ಅರ್ಥದ ಪದ ಹಿಂದೆ ಬಂದ್ರೆ ಪ ಇದ್ದಿದ್ದು ಮ ಆಗತ್ತೆ, ಟ ಇದ್ದಿದ್ದು ನ, ಕ ಇದ್ದಿದ್ದು ಮೂಗಲ್ಲಿ ಹೇಳೋ ಒಂದು ಅಕ್ಷರ, ಜೊತೆಗೆ ಎಲ್ಲಕ್ಕೂ ಸ್ವಲ್ಪ ಹಕಾರದ ಉಸಿರು. ಕಾರ್ಡಿಫ್‌ಗೆ ವೆಲ್ಶಲ್ಲಿ ಕಾಯರ್‌ಡೀದ್, 'ಕಾರ್ಡಿಫ್‌ನಲ್ಲಿ' ಅನ್ನೋಕೆ 'ಅಂಙ್ ಙ್ಹಾಯರ್‌ಡೀದ್'. ಇಡೀ ಕ್ಲಾಸು ಗಂಟಲು ಕೆರ್ಕೊಂಡು ಒದ್ದಾಡ್ತಿತ್ತು. ನಾನು ಮತ್ತೆ ಆ ಕೇರಳದ ನರ್ಸು ಮಾತ್ರ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಒಂದೇ ಸಲಕ್ಕೆ ಹೇಳಿದ್ವಿ. ಒಂದನೇ ಕ್ಲಾಸಲ್ಲಿ ಸ್ಲೇಟಿನ ಮೇಲೆ ತಿದ್ದಿದ್ದ ಙ ಅದು, ಆಮೇಲೆ ನನಗೆ ಎಲ್ಲೂ ಉಪಯೋಗಕ್ಕೆ ಬಂದಿರ್ಲಿಲ್ಲ.