ಹುಳದ ವೈರಸ್ಸು, ಬಟ್ಟೆ ಸೋಪಿನ ಪುಡಿ

"ಇದು ವೈರಸ್ ಅಲ್ವಾ ಮಾರಾಯ್ರೆ? ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ." ಬೆಳೆ ತಿನ್ನುವ ಹುಳಕ್ಕೆ ರೋಗ ತಂದು ಕೊಲ್ಲುವ ಎನ್‌ಪಿವಿ ಎಂಬ ವೈರಸ್ ದ್ರಾವಣದ ಬಾಟಲಿ ಕೈಗೆ ಬಂದ ಕೂಡಲೇ ಬ್ರಹ್ಮಾವರ, ಕುಂದಾಪುರ ಕಡೆಯ ನೆಲಗಡಲೆ ಬೆಳೆಗಾರರು ಕೇಳುವ ಮೊದಲ ಪ್ರಶ್ನೆ ಇದು. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಕೇಳಿದವರೇ ಆ ಬಾಟಲಿಯನ್ನು ವಾಪಸ್ ಕೊಟ್ಟು, ಪಕ್ಕದ ಕಪಾಟಿನ ಕ್ವಿನಾಲ್‌ಫಾಸ್ ಎಂಬ ರಾಸಾಯನಿಕ ಕೀಟನಾಶಕ ಕೊಂಡುಹೋಗಿ, ಬರಿಗೈಯಲ್ಲಿ ಕಲಸಿ, ಬಾವಿಕಟ್ಟೆಯ ಬುಡದಲ್ಲೇ ಟ್ಯಾಂಕು ತೊಳೆಯುತ್ತಾರಲ್ಲ, ಅದಕ್ಕೆ ಏನು ಹೇಳುವುದು?

ಹೆದರಿಕೆ ಎಲ್ಲಿಂದ ಬಂತು ಎನ್ನುವುದು ಗೊತ್ತಿರುವುದೇ. ಕೊರೊನಾ ಬಿಡಿ, ನಿಫಾ 2018ರಲ್ಲಿ ಪಕ್ಕದ ಕೇರಳಕ್ಕೇ ಬಂದಿತ್ತು. 2019ರ ಮಳೆಗಾಲದಲ್ಲಿ ಮಂಗಳೂರು ಡೆಂಗಿಯಿಂದ ನರಳಿತು. ಮಂಗನ ಕಾಯಿಲೆ 1957ರಲ್ಲಿ ಘಟ್ಟದ ಮೇಲಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು. ಸೊಳ್ಳೆ ಕಚ್ಚಿದರೆ ವೈರಸ್, ಉಣ್ಣಿ ಕಚ್ಚಿದರೆ ವೈರಸ್. ಹಾಗಾಗಿ ಹುಳದ ವೈರಸ್ ಅಂದ ಕೂಡಲೇ ಅದೂ ಇದೇ ಜಾತಿಯದು ಎಂಬ ತೀರ್ಮಾನ.

ಗೊಂದಲ ಇರುವುದು ಇಲ್ಲಿಯೇ. ಡೆಂಗಿ ವೈರಸ್ ಸೊಳ್ಳೆಯಲ್ಲೂ ಬೆಳೆಯುತ್ತದೆ, ಮನುಷ್ಯನಲ್ಲೂ ಬೆಳೆಯುತ್ತದೆ. ಎರಡೂ ಕಡೆ ಬದುಕಲು ಬೇಕಾದ ಸಾಮಗ್ರಿ ಅದರಲ್ಲಿ ಉಂಟು. ಎನ್‌ಪಿವಿ ಸೇರಿರುವ ಬ್ಯಾಕ್ಯುಲೊವೈರಸ್ ಕುಟುಂಬಕ್ಕೆ ಮನುಷ್ಯ, ದನ, ಕೋಳಿ, ಮೀನು ಯಾವುದೂ ಆಶ್ರಯವಲ್ಲ. ಆ ಕುಟುಂಬದ ವೈರಸ್‌ಗಳು ಕಾಣಿಸಿಕೊಂಡಿರುವುದೆಲ್ಲ ಕೀಟಗಳಂಥ ಜೀವಿಗಳಲ್ಲಿ, ಅದರಲ್ಲೂ ಬಹುಪಾಲು ಚಿಟ್ಟೆ-ಪತಂಗಗಳ ಮರಿಹುಳಗಳಲ್ಲಿ. ಕೀಟಗಳಿಗೆ ರೋಗ ತರುವ ವೈರಸ್‌ಗಳು ಬೇರೆಯೂ ಇವೆ. ಸಿಡುಬಿನ ವೈರಸ್ಸಿನ ದೂರದ ನೆಂಟ ಒಂದಿದೆ, ಮಕ್ಕಳಿಗೆ ಭೇದಿ ತರುವ ರೋಟಾ ವೈರಸ್ಸಿನ ಸಂಬಂಧಿ ಇನ್ನೊಂದಿದೆ. 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ-ಕೃಷಿ ಸಂಘಟನೆಯ ತಜ್ಞರು ಕೂತು ಇವನ್ನೆಲ್ಲ ಜಾಲಾಡಿದಾಗ ಬೆಳೆ ರಕ್ಷಣೆಗೆ ಮುಂದಿಟ್ಟದ್ದು ಬ್ಯಾಕ್ಯುಲೊವೈರಸ್‌ಗಳನ್ನು. ಬೆನ್ನುಮೂಳೆಯ ಪ್ರಾಣಿಗಳಲ್ಲಿ ಅದಕ್ಕೆ ನೆಂಟರೇ ಇಲ್ಲ ಎಂಬುದು ಮುಖ್ಯ ಕಾರಣ. ಆದ್ದರಿಂದ "ಕೀಟದ ವೈರಸ್ ಎಲ್ಲವೂ ಸುರಕ್ಷಿತ" ಎಂದು ನಾನು ಹೇಳುವುದಿಲ್ಲ. ಬಾಟಲಿಯಲ್ಲಿ ಬರುವ ಈ ಒಂದು ಗುಂಪಿನ ಬಗ್ಗೆ ಮಾತ್ರ ಹೇಳುತ್ತಿರುವುದು.

ಹುಳ ಸಾಯುವುದು ಹೇಗೆ ಎಂದು ತಿಳಿದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಬಾಟಲಿಯಲ್ಲಿ ವೈರಸ್ ಬಿಡಿಯಾಗಿ ಇರುವುದಿಲ್ಲ. ಒಂದರಿಂದ ನಾಲ್ಕು ಮೈಕ್ರಾನ್ ಗಾತ್ರದ ಪ್ರೋಟೀನು ಹರಳಿನೊಳಗೆ ಹುದುಗಿರುತ್ತದೆ. ಲೇಬಲ್ಲಿನ 'ಪಿಒಬಿ' ಎಣಿಕೆ ಈ ಹರಳುಗಳದ್ದು. ಅದು ಕೆಲಸ ಮಾಡಲು ಮೂರು ಬಾಗಿಲು ದಾಟಬೇಕು. ಮೊದಲನೆಯದು, ಹರಳು ಕರಗಬೇಕು. ಮರಿಹುಳದ ನಡುಗರುಳು ಕಟುವಾದ ಕ್ಷಾರ, ಪಿಎಚ್ 10ರಿಂದ 11ರ ಹತ್ತಿರ. ಅಲ್ಲಿ ಹರಳು ನಿಮಿಷಗಳಲ್ಲಿ ಕರಗುತ್ತದೆ. ನಮ್ಮ ಹೊಟ್ಟೆ ಅದರ ತದ್ವಿರುದ್ಧ, ಪಿಎಚ್ 2ರ ಆಸುಪಾಸಿನ ಆಮ್ಲ. ಅಲ್ಲಿ ವೈರಸ್ ಹಾಳಾಗುತ್ತದೆ.

ಇಷ್ಟು ಹೇಳಿದರೆ ಯೂಟ್ಯೂಬು ನೋಡಿ ಬಂದವರು ಬಿಡುವುದಿಲ್ಲ: "ನಮ್ಮ ಸಣ್ಣ ಕರುಳೂ ಕ್ಷಾರವೇ ಅಲ್ವಾ ಸರ್?" ಹೌದು, ಪಿಎಚ್ 7-8. ಹರಳು ಕರಗಲು ಅದು ಸಾಲದು. ಹಾಗಂತ ಸುರಕ್ಷತೆ ಪಿಎಚ್ ಒಂದರ ಮೇಲೆ ನಿಂತಿಲ್ಲ. ಎರಡನೆಯ ಬಾಗಿಲು ಕರುಳಿನ ಜೀವಕೋಶದ್ದು. ವೈರಸ್ಸಿನ ಮೈಮೇಲಿನ ಒಂದು ಗುಂಪು ಪ್ರೋಟೀನುಗಳು ಆ ಹುಳದ ಕರುಳಿನ ಗೋಡೆಗೆ ಹೊಂದಿಕೊಂಡರೆ ಮಾತ್ರ ಒಳಗೆ ಹೋಗಲು ಸಾಧ್ಯ. ಈ ಹೊಂದಾಣಿಕೆ ಎಷ್ಟು ಬಿಗಿ ಎಂದರೆ, ಕಾಯಿಕೊರಕದ ವೈರಸ್ ಅದೇ ಗದ್ದೆಯಲ್ಲಿ ನೆಲಗಡಲೆಯ ಎಲೆ ತಿನ್ನುವ 'ತಂಬಾಕಿನ ಹುಳ'ವನ್ನೂ ಕೊಲ್ಲಲಾರದು. ಮೂರನೆಯದು ಜೀವಕೋಶದ ಒಳಗಿನ ಕೆಲಸ. ಪ್ರಯೋಗಾಲಯದಲ್ಲಿ ಈ ಕುಟುಂಬದ ಒಂದು ವೈರಸ್ಸನ್ನು ಮನುಷ್ಯನ ಯಕೃತ್ತಿನ ಕೋಶಗಳೊಳಗೆ ಸೇರಿಸಿ ನೋಡಿದ್ದಾರೆ. ಒಳಗೆ ಹೋಗುತ್ತದೆ, ಆದರೆ ಅಲ್ಲಿ ತನ್ನ ಪ್ರತಿ ಮಾಡಿಕೊಳ್ಳುವುದಿಲ್ಲ. ಹೆಚ್ಚಾಗದ ವೈರಸ್ ರೋಗ ತರುವುದು ಎಲ್ಲಿಂದ? "ಒಳಗೆ ಹೋಗುತ್ತದಂತೆ" ಎಂಬ ಅರ್ಧ ವಾಕ್ಯ ಮಾತ್ರ ವಾಟ್ಸಾಪಿನಲ್ಲಿ ಓಡಾಡುವುದು. ಉಳಿದರ್ಧವನ್ನೂ ಯಾರಾದರೂ ಫಾರ್ವರ್ಡ್ ಮಾಡಿದರೆ ಉಪಕಾರ.

ತಿಂದು ನೋಡಿದವರೂ ಇದ್ದಾರೆ. ಅಮೆರಿಕದಲ್ಲಿ ಸ್ವಯಂಸೇವಕರಿಗೆ ಕಾಯಿಕೊರಕದ ಎನ್‌ಪಿವಿಯನ್ನು ದಿನಗಟ್ಟಲೆ ತಿನ್ನಿಸಿ ಪರೀಕ್ಷಿಸಿದ ವರದಿ 1967ರಲ್ಲಿ ಬಂತು. ಯಾರಿಗೂ ಏನೂ ಆಗಲಿಲ್ಲ. 1973ರಲ್ಲಿ ಅದೇ ದೇಶದ ಅಂಗಡಿಗಳ ಎಲೆಕೋಸನ್ನು ತಂದು ಪರೀಕ್ಷಿಸಿದಾಗ ಎಲೆಗಳ ಮೇಲೆ ಕೋಟಿಗಟ್ಟಲೆ ವೈರಸ್ ಹರಳುಗಳು ಸಿಕ್ಕವು. ಗದ್ದೆಯಲ್ಲಿ ತಾನಾಗಿ ರೋಗ ಬಂದು ಸತ್ತ ಹುಳಗಳಿಂದ ಬಂದದ್ದು. ಅಂದರೆ ಕೋಸಿನ ಪಲ್ಯ ತಿನ್ನುವವರು ಈ ವೈರಸ್ಸನ್ನು ಗೊತ್ತಿಲ್ಲದೆ ತಿನ್ನುತ್ತಲೇ ಬಂದಿದ್ದಾರೆ. ಸತ್ತ ಹುಳ ತಿಂದ ಹಕ್ಕಿಗೂ ತೊಂದರೆಯಿಲ್ಲ. ಅದರ ಹಿಕ್ಕೆಯ ಮೂಲಕ ವೈರಸ್ ಪಕ್ಕದ ಗದ್ದೆಗೆ ಹೋಗುತ್ತದೆ, ನಮಗೆ ಅದು ಲಾಭವೇ. ಜೇನು, ಎರೆಹುಳ, ಬಾವಿ ನೀರಿನ ಮೀನು ಯಾವುದಕ್ಕೂ ಭಯ ಬೇಡ.

ಹಾಗಾದರೆ ಎಚ್ಚರ ಬೇಡವೇ? ಬೇಕು, ಆದರೆ ಬೇರೆ ಕಾರಣಕ್ಕೆ. ಈ ವೈರಸ್ಸನ್ನು ಬೆಳೆಸುವುದು ಜೀವಂತ ಹುಳಗಳಲ್ಲಿ. ಸತ್ತ ಹುಳವನ್ನು ಅರೆದು ಸೋಸುವಾಗ ಅದರ ಚರ್ಮದ ಚೂರು, ಕರುಳಿನ ಬ್ಯಾಕ್ಟೀರಿಯಾ ಎಲ್ಲ ಸೇರಿಕೊಳ್ಳುತ್ತವೆ. ನಮ್ಮಲ್ಲಿ ಎನ್‌ಪಿವಿ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಾಗಬೇಕು, ಸಾಲ್ಮೊನೆಲ್ಲಾದಂಥ ರೋಗಾಣು ಅದರಲ್ಲಿ ಇರಕೂಡದು ಎಂಬ ನಿಯಮವೂ ಉಂಟು. ನೋಂದಣಿ ಸಂಖ್ಯೆ, ತಯಾರಿಸಿದ ದಿನ, ಪಿಒಬಿ ಎಣಿಕೆ ಇಲ್ಲದ ಬಾಟಲಿ ಬೇಡ. 'ಜೈವಿಕ' ಎಂದು ಬರೆದು ಒಳಗೆ ರಾಸಾಯನಿಕ ಬೆರೆಸುವವರೂ ಇದ್ದಾರೆ. ಎನ್‌ಪಿವಿ ಹೊಡೆದು ಎರಡು ಗಂಟೆಯಲ್ಲಿ ಹುಳ ಉದುರಿತು ಎಂದು ಯಾರಾದರೂ ಖುಷಿಪಟ್ಟರೆ ಆ ಬಾಟಲಿಯ ಮೇಲೆ ನನಗೆ ಅನುಮಾನ. ನಿಜವಾದದ್ದು ಕೊಲ್ಲಲು ನಾಲ್ಕರಿಂದ ಏಳು ದಿನ ತೆಗೆದುಕೊಳ್ಳುತ್ತದೆ. ಗದ್ದೆಯಲ್ಲಿ ಸತ್ತ ಹುಳ ಆರಿಸಿ ಮನೆಯಲ್ಲೇ ಅರೆದು ಹೊಡೆಯುವ ಪದ್ಧತಿ ನೆಲಗಡಲೆಗೆ ಸರಿ, ಹರಿವೆ-ಬಸಳೆಗೆ ಬೇಡವೇ ಬೇಡ. ಅಡುಗೆಮನೆಯ ಮಿಕ್ಸಿಯನ್ನಂತೂ ಮುಟ್ಟಬೇಡಿ. ಉಬ್ಬಸ, ಅಲರ್ಜಿ ಇರುವವರು ಸಿಂಪಡಣೆಯನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು. ಉಳಿದವರಿಗೂ ಮಾಸ್ಕ್, ಕೈಗವಸು ಬೇಕು, ಹುಳದ ಪ್ರೋಟೀನು ಕೆಲವರಿಗೆ ಆಗಿಬರುವುದಿಲ್ಲ. ಘಟ್ಟದ ಮೇಲೆ ರೇಷ್ಮೆ ಸಾಕುವ ನೆಂಟರಿದ್ದರೆ ಅವರ ಹಿಪ್ಪುನೇರಳೆಯ ಹತ್ತಿರ ಯಾವ ಎನ್‌ಪಿವಿಯನ್ನೂ ಕೇಳದೆ ಹೊಡೆಯಬೇಡಿ. ರೇಷ್ಮೆಹುಳಕ್ಕೆ ಅದರದೇ ವೈರಸ್ ಬೇರೆ, ಆದರೂ ಅಲ್ಲಿ ನಾನು ಧೈರ್ಯ ಮಾಡುವುದಿಲ್ಲ.

ಇನ್ನು ಸೋಪಿನ ಪುಡಿ. ದ್ರಾವಣ ಎಲೆಗೆ ಅಂಟಲಿ ಎಂದು ಒಂದು ಹಿಡಿ ಬಟ್ಟೆ ಸೋಪಿನ ಪುಡಿ ಹಾಕುವುದು ನಮ್ಮಲ್ಲಿ ರೂಢಿ. ಆ ಪುಡಿ ಕ್ಷಾರ. ಹುಳದ ಹೊಟ್ಟೆಯಲ್ಲಿ ಕರಗಬೇಕಾದ ಹರಳು ಟ್ಯಾಂಕಿನಲ್ಲೇ ಕರಗಿ, ಬರಿಮೈಯ ವೈರಸ್ ಹೊರಗೆ ಬಂದು ಸಾಯುತ್ತದೆ. ಅಡಿಕೆಗೆ ಸುಣ್ಣ-ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆದ ಟ್ಯಾಂಕನ್ನು ಸರಿಯಾಗಿ ತೊಳೆಯದೆ ತಂದರೂ ಇದೇ ಕಥೆ, ತಳದಲ್ಲಿ ಸುಣ್ಣ ಕಟ್ಟಿರುತ್ತದೆ. ಬೂದಿನೀರೂ ಹಾಗೆಯೇ. ಆಮೇಲೆ "ಎನ್‌ಪಿವಿ ಬರೀ ನೀರು" ಎಂದು ಊರಿಡೀ ಸುದ್ದಿ. ಟೀಪಾಲಿನಂಥ ಕ್ಷಾರವಲ್ಲದ ದ್ರವವನ್ನು 10 ಲೀಟರಿಗೆ 10 ಮಿ.ಲೀ. ಹಾಕಿ, ಸಾಕು. ಬೆಲ್ಲ 50 ಗ್ರಾಂ, ಹುಳ ಹೆಚ್ಚು ತಿನ್ನಲಿ ಎಂದು. ಬೆಲ್ಲದ ನೀರನ್ನು ಬಟ್ಟೆಯಲ್ಲಿ ಸೋಸದಿದ್ದರೆ ನಾಜಲ್ ಕಟ್ಟಿಕೊಳ್ಳುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಈ ವೈರಸ್ಸಿನ ದೊಡ್ಡ ಶತ್ರು, ಅದಕ್ಕೆ ಬಟ್ಟೆಗೆ ಹಾಕುವ ರಾಣಿಪಾಲನ್ನು 10 ಗ್ರಾಂ ಸೇರಿಸುವುದುಂಟು. ಏನೇ ಸೇರಿಸಿದರೂ ಹೊಡೆಯುವುದು ಸಂಜೆ ಬಿಸಿಲು ಇಳಿದ ಮೇಲೆ. ತಂಬಾಕಿನ ಹುಳ ತಿನ್ನಲು ಹೊರಡುವುದೂ ರಾತ್ರಿಯೇ.

ನೆಲಗಡಲೆಗೆ ತಂಬಾಕಿನ ಹುಳದ ಎನ್‌ಪಿವಿಯ ಪ್ರಮಾಣ ಎಕರೆಗೆ 100 ಎಲ್‌ಇ. ಒಂದು ಎಲ್‌ಇ ಎಂದರೆ 600 ಕೋಟಿ ಹರಳು. ಲೇಬಲ್ಲಿನಲ್ಲಿ ಒಂದು ಮಿ.ಲೀ.ಗೆ 100 ಕೋಟಿ ಎಂದಿದ್ದರೆ ಲೆಕ್ಕ 600 ಮಿ.ಲೀ. ಆಗುತ್ತದೆ. ಬೇರೆ ಬೇರೆ ತಯಾರಿಕೆಯ ಸಾಂದ್ರತೆ ಬೇರೆ, ಲೇಬಲ್ಲಿನ ಮಾತೇ ಕೊನೆ. ನೀರು 200 ಲೀಟರ್. ಹರಳು ತಳಕ್ಕೆ ಇಳಿದಿರುವುದರಿಂದ ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸಿ ಸುರಿಯಬೇಕು. ಎಲೆಯ ಅಡಿಗೂ ಬೀಳಬೇಕು. ಬಾಟಲಿಯನ್ನು ಸ್ಕೂಟರಿನ ಡಿಕ್ಕಿಯಲ್ಲಿ ಅರ್ಧ ದಿನ ಬೇಯಿಸಿ ತಂದರೆ ಕಾಸು ಹೋಯಿತು. ಹೊತ್ತು ನೋಡಿ ಹೊಡೆಯುವುದು ಎಲ್ಲಕ್ಕಿಂತ ಮುಖ್ಯ. ನೆಲಗಡಲೆ ಎಲೆಯ ಮೇಲೆ ಕಂದು ರೋಮ ಮುಚ್ಚಿದ ಮೊಟ್ಟೆಯ ಗುಂಪು ಒಡೆದು, ಸಣ್ಣ ಹುಳಗಳು ಒಟ್ಟಾಗಿ ಕೆರೆದು ಎಲೆ ಬಿಳಿ ಕಾಗದದಂತಾಗುವ ಹಂತದಲ್ಲೇ ಹೊಡೆಯಬೇಕು. ಬೆರಳುದ್ದ ಬೆಳೆದು ಹಗಲು ಮಣ್ಣಿನಲ್ಲಿ ಅಡಗುವ ಹುಳಕ್ಕೆ ಇದು ಹೆಚ್ಚೇನೂ ಮಾಡದು. ಅದೃಷ್ಟ ಸರಿಯಿದ್ದರೆ ಐದಾರು ದಿನಕ್ಕೆ ಹುಳಗಳು ಗಿಡದ ತುದಿಗೆ ಹತ್ತಿ, ಹಿಂಗಾಲಿನಲ್ಲಿ ತಲೆಕೆಳಗಾಗಿ ನೇತುಬಿದ್ದು, ಮೈ ಒಡೆದು ಸೋರುವುದು ಕಾಣುತ್ತದೆ. ನಾರುವ ಆ ರಸ ಕೈಗೆ ತಾಗಿದರೆ ಸೋಪಿನಲ್ಲಿ ತೊಳೆದುಕೊಳ್ಳಿ, ಅಷ್ಟೇ. ಅಲ್ಲಿ ಸೋಪು ಬಳಸಬಹುದು!

ಮಟ್ಟುಗುಳ್ಳ ಬದನೆ ಬೆಳೆಯುವವರಿಗೆ ಒಂದು ಮಾತು. ಕಾಯಿಕೊರಕದ ಎನ್‌ಪಿವಿ ಎಂದು ಬರೆದದ್ದನ್ನು ನೋಡಿ ಗುಳ್ಳಕ್ಕೆ ಹೊಡೆಯುವವರು ಇದ್ದಾರೆ. ಅದು ಟೊಮೆಟೊ, ತೊಗರಿ, ಕಡಲೆಯ ಕಾಯಿಕೊರಕ ಹೆಲಿಕೊವರ್ಪಾದ್ದು. ಗುಳ್ಳ ಕೊರೆಯುವ ಹುಳ ಜಾತಿಯೇ ಬೇರೆ, ಸಾಲದ್ದಕ್ಕೆ ಮೊಟ್ಟೆಯೊಡೆದ ಸ್ವಲ್ಪ ಹೊತ್ತಿಗೇ ಚಿಗುರಿನೊಳಗೆ ಹೊಕ್ಕುಬಿಡುತ್ತದೆ. ಬಾಡಿದ ಚಿಗುರನ್ನು ಚಿವುಟಿ ನಾಶಮಾಡುವುದು, ಅದೇ ಹುಳದ ಗಂಡು ಪತಂಗವನ್ನು ವಾಸನೆಯಿಂದ ಸೆಳೆಯುವ ಮೋಹಕ ಬಲೆ ಕಟ್ಟುವುದು ಇವೇ ಅಲ್ಲಿ ದಾರಿ.

ತೆಂಗಿನ ಸುಳಿ ಕೊರೆಯುವ ದುಂಬಿ ಕುರುವಾಯಿಯ ವೈರಸ್ ಬೇರೆಯೇ ಕುಟುಂಬದ್ದು, ಹಿಂದೆ ಬ್ಯಾಕ್ಯುಲೊವೈರಸ್ ಎಂದೇ ಕರೆಯುತ್ತಿದ್ದರು, ಈಗ ನ್ಯೂಡಿವೈರಸ್. ಹೂಗರ್ ಎಂಬ ಜರ್ಮನ್ ವಿಜ್ಞಾನಿ 1963ರಲ್ಲಿ ಮಲೇಷ್ಯಾದಲ್ಲಿ ಕಂಡದ್ದು, 1967ರಲ್ಲಿ ಸಮೋವಾ ದ್ವೀಪದಲ್ಲಿ ಬಿಟ್ಟದ್ದು. ಇದನ್ನು ಸಿಂಪಡಿಸುವುದಿಲ್ಲ. ಸೋಂಕು ತಗಲಿಸಿದ ದುಂಬಿಗಳನ್ನೇ ಹೆಕ್ಟೇರಿಗೆ 10ರಿಂದ 15ರಂತೆ ತೋಟಕ್ಕೆ ಬಿಡುವುದು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಈ ಕೆಲಸದಲ್ಲಿ ಹಳೆಯ ಕೈ. "ಇದ್ದ ಕುರುವಾಯಿ ಸಾಲದೆಂದು ಇನ್ನೂ ಹತ್ತು ಬಿಡುವುದಾ?" ಎಂದು ನೆರೆಯವರು ಜಗಳಕ್ಕೆ ಬರುತ್ತಾರೆ. ಬರಲಿ. ಸೋಂಕಿನ ದುಂಬಿ ಸುಳಿ ತಿನ್ನುವುದನ್ನು ಕಡಿಮೆ ಮಾಡುತ್ತದೆ, ಹೆಣ್ಣು ಮೊಟ್ಟೆ ಇಡುವುದೂ ಕುಗ್ಗುತ್ತದೆ, ಸಾಯುವುದರೊಳಗೆ ಕೂಡುವಾಗ ಸಂಗಾತಿಗೆ, ಹಿಕ್ಕೆಯಿಂದ ಗೊಬ್ಬರದಗುಂಡಿಯ ಮರಿಗಳಿಗೆ ರೋಗ ದಾಟಿಸುತ್ತದೆ. ಬಿಟ್ಟ ಮೇಲೆ ಕೆಲವು ತಿಂಗಳು ಹಟ್ಟಿಗೊಬ್ಬರದ ಗುಂಡಿಗೆ ಕೀಟನಾಶಕ ಸುರಿಯಬೇಡಿ, ರೋಗ ಹೊತ್ತು ತಿರುಗುವ ದುಂಬಿಗಳೇ ಮೊದಲು ಸಾಯುತ್ತವೆ. ಗುಂಡಿ ಕೆದಕಿದಾಗ ಮೈ ಪಾರದರ್ಶಕವಾಗಿ, ಜೋಲುಬಿದ್ದ ಮರಿಹುಳ ಸಿಕ್ಕಿದರೆ ಅದನ್ನು ಕೋಳಿಗೆ ಹಾಕಬೇಡಿ, ಗುಂಡಿಯಲ್ಲೇ ಬಿಡಿ. ಕೋಳಿಗೆ ಏನಾದರೂ ಆದೀತು ಎಂದಲ್ಲ, ಉಳಿದ ಮರಿಗಳಿಗೆ ರೋಗ ಹರಡಬೇಕಾದದ್ದು ಅದೇ.