ಇಳಿತದ ಹೊತ್ತು ಬರೆಯದ ನಕ್ಷೆ

ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯ ಉಪಗ್ರಹ ಚಿತ್ರವೊಂದನ್ನು ಇಳಿಸಿಕೊಂಡು ತೆರೆದರೆ ತದಡಿಯಿಂದ ಮಿರ್ಜಾನದ ಕಡೆಗೆ ಅಗಲವಾದ ನೀರು ಕಾಣುತ್ತದೆ. ಜನ ಮೊಣಕಾಲುದ್ದದ ನೀರಲ್ಲಿ ನಿಂತು ಬಳಚು ಎಂಬ ಚಿಪ್ಪುಜೀವಿ ಆರಿಸುವ ಮರಳುದಿಬ್ಬಗಳು, ಕಲ್ವ ಎಂಬ ಇನ್ನೊಂದು ಚಿಪ್ಪು ಅಂಟಿದ ಕಲ್ಲುಸಾಲು, ಏಡಿ ಹಿಡಿಯುವ ಕೆಸರಂಚು ಬಹುಪಾಲು ಅದರಲ್ಲಿ ಇರುವುದೇ ಇಲ್ಲ. ಆ ಚಿತ್ರದ ಮೇಲೆ ದೋಣಿ ನಿಲ್ಲುವ ಜಟ್ಟಿಗೋ ಹೂಳೆತ್ತುವ ಕಾಲುವೆಗೋ ಮೀನಿನ ಪಂಜರಕ್ಕೋ ಜಾಗ ಗುರುತಿಸುವವರು ಅಷ್ಟನ್ನೂ ‘ಖಾಲಿ ನೀರು’ ಎಂದು ಓದಿಬಿಡುತ್ತಾರೆ. 2024ರಲ್ಲಿ ಅಂತರರಾಷ್ಟ್ರೀಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ, 4,801 ಹೆಕ್ಟೇರಿನ ಈ ಅಳಿವೆಯಲ್ಲಿ ಅಂಥ ಓದು ದುಬಾರಿಯಾಗುತ್ತದೆ.

ಕಾರಣ ಗಡಿಯಾರದಲ್ಲಿದೆ. ಸೆಂಟಿನೆಲ್-2 ಉಪಗ್ರಹ ನಮ್ಮ ಕರಾವಳಿಯ ಮೇಲೆ ಹಾಯುವುದು ಯಾವತ್ತೂ ಬೆಳಗಿನ ಹನ್ನೊಂದರ ಸುಮಾರಿಗೆ. ಐದು ದಿನಕ್ಕೊಮ್ಮೆ ಬಂದರೂ ಹೊತ್ತು ಅದೇ. ಕಾರವಾರ, ಕುಮಟಾ ಕಡೆ ಹುಣ್ಣಿಮೆ-ಅಮಾವಾಸ್ಯೆಗೆ ಭರತ (ಉಬ್ಬರ) ತುಂಬುವುದೂ ಹೆಚ್ಚುಕಡಿಮೆ ಹನ್ನೊಂದರ ಆಚೀಚೆಯೇ. ದೊಡ್ಡ ಇಳಿತ ಬರುವುದು ನಸುಕಿನ ಐದಕ್ಕೆ ಮತ್ತು ಸಂಜೆ ಐದಕ್ಕೆ. ಹನ್ನೊಂದು ಗಂಟೆಗೆ ಇಳಿತ ಸಿಗುವುದು ಅಷ್ಟಮಿ-ನವಮಿಯ ಆಸುಪಾಸಿನಲ್ಲಿ, ಆಗ ನೀರು ಇಳಿಯುವುದೇ ಕಡಿಮೆ. ಹಾಗಾಗಿ ಎಷ್ಟು ವರ್ಷಗಳ ಚಿತ್ರ ರಾಶಿ ಹಾಕಿದರೂ ದೊಡ್ಡ ಇಳಿತದಲ್ಲಿ ತೆರೆದುಕೊಳ್ಳುವ ನೆಲ ಅದರಲ್ಲಿ ಬರುವುದಿಲ್ಲ. ಬಲೆ ಬಿಡುವ ಯಾರನ್ನು ಕೇಳಿದರೂ ತಿಥಿ ಲೆಕ್ಕ ಹಾಕಿ ಇದನ್ನು ಹೇಳಿಯಾರು. ತಂತ್ರಾಂಶದ ಕೈಪಿಡಿಗಳಲ್ಲಿ ಮಾತ್ರ ಇದು ಸಿಗದು, ಅವು ಬೇರೆ ಸಮುದ್ರಗಳ ದಡದಲ್ಲಿ ಬರೆದವು.

ಆದರೂ ಇಳಿತದ ನೆಲದ ನಕ್ಷೆ ಮಾಡುವ ಕೆಲಸ ಶುರು ಮಾಡಬೇಕಾದ್ದು ಸೆಂಟಿನೆಲ್-2ರಿಂದಲೇ, ಚಿತ್ರ ಉಚಿತ, ಪಿಕ್ಸೆಲ್ 10 ಮೀಟರಿನದು. ನವೆಂಬರಿನಿಂದ ಮೇವರೆಗಿನ, ಮೋಡವಿಲ್ಲದ ದಿನಗಳನ್ನಷ್ಟೇ ಆರಿಸಿ. ನಕ್ಷೆ ಮಾಡುವ ಉಚಿತ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಪ್ರಾಜೆಕ್ಟನ್ನು ಮೀಟರಿನಲ್ಲಿ ಅಳೆಯುವ ನಿರ್ದೇಶಾಂಕ ಪದ್ಧತಿಯಾದ ಯುಟಿಎಂ 43 ಉತ್ತರ, ಅಂದರೆ ಇಪಿಎಸ್‌ಜಿ 32643ಕ್ಕೆ ಹೊಂದಿಸಿ. ಡಿಗ್ರಿಯಲ್ಲಿ ಬಿಟ್ಟರೆ ವಿಸ್ತೀರ್ಣದ ಲೆಕ್ಕ ಅರ್ಥ ಕಳೆದುಕೊಳ್ಳುತ್ತದೆ. ಬ್ಯಾಂಡ್ 3 (ಹಸಿರು) ಮತ್ತು ಬ್ಯಾಂಡ್ 8 (ಸಮೀಪ ಅವಗೆಂಪು) ತೆಗೆದುಕೊಂಡು, ಮೊದಲನೆಯದರಿಂದ ಎರಡನೆಯದನ್ನು ಕಳೆದ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ನೀರಿನ ಸೂಚ್ಯಂಕ ಬರುತ್ತದೆ. ಸೊನ್ನೆಗಿಂತ ಮೇಲಿದ್ದರೆ ನೀರು ಎಂಬುದು ಪುಸ್ತಕದ ಮಾತು. ಒದ್ದೆ ಕೆಸರು ಮತ್ತು ರಾಡಿ ನೀರಿರುವ ಅಳಿವೆಯಲ್ಲಿ ಆ ಗೆರೆ ಸ್ವಲ್ಪ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ದಡದಲ್ಲಿ ಗೊತ್ತಿರುವ ನಾಲ್ಕಾರು ಜಾಗಗಳಲ್ಲಿ ಪರೀಕ್ಷಿಸಿ ನಿಮ್ಮ ಅಳಿವೆಗೆ ಹೊಂದುವ ಅಂಕಿ ಹಿಡಿಯಬೇಕು.

ಇಲ್ಲಿ ಬಹಳ ಮಂದಿ ಬಿಡುವ ಹೆಜ್ಜೆಯೊಂದಿದೆ. ಪ್ರತಿ ಚಿತ್ರದ ಕಡತದ ಹೆಸರಿನಲ್ಲೇ ಆ ದಿನ ಹನ್ನೊಂದು ಗಂಟೆಗೆ ನೀರಿನ ಮಟ್ಟ ಎಷ್ಟಿತ್ತು ಎಂದು ಬರೆದಿಡಬೇಕು. ಸರ್ವೆ ಆಫ್ ಇಂಡಿಯಾದ ಭರತ-ಇಳಿತ ಪಟ್ಟಿಯಲ್ಲಿ ಕಾರವಾರದ ಅಂಕಿಗಳು ಸಿಗುತ್ತವೆ. ಚಿತ್ರಗಳನ್ನು ದಿನಾಂಕದ ಬದಲು ಮಟ್ಟದ ಕ್ರಮದಲ್ಲಿ ಜೋಡಿಸಿ, ಒಂದೊಂದು ಪಿಕ್ಸೆಲ್ ಯಾವ ಮಟ್ಟದಲ್ಲಿ ಮೊದಲ ಬಾರಿ ನೀರಿಂದ ಹೊರಬಂತು ಎಂದು ನೋಡಿದರೆ ದಿಬ್ಬದ ಎತ್ತರದ ಒರಟು ನಕ್ಷೆ ಸಿದ್ಧವಾಗುತ್ತದೆ. ಅದರ ಕೆಳಗಿನ ಅಂಚು ಇನ್ನೂ ಕಾಣದೇ ಉಳಿದಿರುತ್ತದೆ, ಅಷ್ಟೇ.

ಆ ಅಂಚಿಗೆ ರಾಡಾರ್ ಬೇಕು. ರಾಡಾರ್ ಹೊತ್ತ ಸೆಂಟಿನೆಲ್-1 ಉಪಗ್ರಹ ಹಾಯುವುದು ಬೆಳಗ್ಗೆ ಅಥವಾ ಸಂಜೆ, ಆರು-ಆರೂವರೆಯ ಸುಮಾರಿಗೆ; ದೊಡ್ಡ ಇಳಿತಕ್ಕೆ ಹತ್ತಿರದ ಹೊತ್ತು. ಅಳಿವೆಯ ಒಳಗೆ ಇಳಿತ ಬಾಯಿಗಿಂತ ತಡವಾಗುವುದೂ ಇಲ್ಲಿ ಅನುಕೂಲಕ್ಕೇ ಬರುತ್ತದೆ. ಮೋಡವೂ ಅಡ್ಡಿಯಲ್ಲ. ಆದರೆ ಇದಕ್ಕೆ ಅದರದೇ ತಕರಾರುಗಳಿವೆ. ರಾಡಾರಿಗೆ ನಯವಾದ ಮೇಲ್ಮೈ ಕಪ್ಪಾಗಿ, ಒರಟಾದದ್ದು ಬೆಳ್ಳಗೆ ಕಾಣುತ್ತದೆ. ಬೇಸಿಗೆಯ ಸಂಜೆ ಕಡಲಗಾಳಿಗೆ ನೀರು ಕದಡಿದರೆ ನೀರೇ ದಿಬ್ಬದಂತೆ ಹೊಳೆಯುತ್ತದೆ. ತೆಳುನೀರು ನಿಂತ ಸಪಾಟು ಕೆಸರು ನೀರಿನಂತೆ ಕಪ್ಪಾಗುತ್ತದೆ. ಆಯ್ಕೆಯಿದ್ದರೆ ಗಾಳಿ ಕಡಿಮೆಯಿರುವ ಬೆಳಗಿನ ಚಿತ್ರವನ್ನೇ ಆರಿಸಿ. ಒಂದೇ ಚಿತ್ರ ನಂಬದೆ, ಒಂದೇ ಮಟ್ಟದ ಮೂರ್ನಾಲ್ಕು ದಿನಗಳನ್ನು ಹೋಲಿಸಿ.

ಡ್ರೋನ್ ಇದ್ದವರಿಗೆ ಇದೆಲ್ಲ ಯಾಕೆ ಎನಿಸಬಹುದು. ಡ್ರೋನ್ ಒಳ್ಳೆಯದೇ, ಹಾರಿಸುವ ಮೊದಲು ಡ್ರೋನ್ ಹಾರಾಟಕ್ಕೆಂದು ಸರ್ಕಾರ ಕೊಟ್ಟ ಡಿಜಿಟಲ್ ಸ್ಕೈ ನಕ್ಷೆಯಲ್ಲಿ, ಅನುಮತಿ ಬೇಡದ ಹಸಿರು ವಲಯವೇ ಎಂದು ನೋಡಿಕೊಳ್ಳಿ. ಕಾರವಾರದ ಕಡೆ ಹೋದಷ್ಟೂ ನೌಕಾನೆಲೆಯ ನಿರ್ಬಂಧ ಎದುರಾಗುತ್ತದೆ. ಹಸಿರು ವಲಯದಲ್ಲೂ ಮಿತಿ 120 ಮೀಟರ್. ಚಿತ್ರಗಳ ನಡುವೆ ಶೇ 75-80 ಅತಿವ್ಯಾಪ್ತಿ (ಒಂದರ ಭಾಗ ಇನ್ನೊಂದರಲ್ಲೂ ಬರುವಂತೆ) ಇಟ್ಟರೂ ಬರೀ ನೀರಿನ ಮೇಲೆ ತೆಗೆದ ಚಿತ್ರಗಳು ಒಂದಕ್ಕೊಂದು ಹೊಲಿದುಕೊಳ್ಳುವುದಿಲ್ಲ, ಅಲೆಯಲ್ಲಿ ಹಿಡಿದಿಡಬಹುದಾದ ಗುರುತೇ ಇರುವುದಿಲ್ಲ. ಪ್ರತಿ ಹಾರಾಟದ ಸಾಲೂ ಎರಡೂ ತುದಿಯಲ್ಲಿ ನೆಲ ಮುಟ್ಟುವಂತೆ ಯೋಜಿಸಬೇಕು.

ಇಷ್ಟಾದರೂ ಕೈಯಲ್ಲಿರುವುದು ನೆಲದ ಆಕಾರ ಮಾತ್ರ. ಅಲ್ಲಿ ಯಾರು, ಯಾವಾಗ, ಏನು ಮಾಡುತ್ತಾರೆ ಎಂಬುದನ್ನು ಯಾವ ಉಪಗ್ರಹವೂ ಹೇಳದು. ಕಂದಾಯ ದಾಖಲೆಯೂ ಹೇಳದು. ಜಮೀನಿನ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಹಿಡಿದು ದಿಬ್ಬದ ಮೇಲೆ ನಿಂತವರಿಗೆ ಅಲ್ಲಿ ಬಳಚು ಆರಿಸುವವರ ಸುಳಿವು ಸಿಗುವುದಿಲ್ಲ. ಬಳಕೆಯ ಪದರ ನಡೆದೇ ತಯಾರಾಗಬೇಕು. ನಡೆಯುತ್ತಲೇ ನಕ್ಷೆ ಗುರುತಿಸುವ ಕ್ಯೂಫೀಲ್ಡ್ ಆ್ಯಪನ್ನು ಫೋನಿಗೆ ಹಾಕಿಕೊಂಡು, ಹುಣ್ಣಿಮೆ ಅಥವಾ ಅಮಾವಾಸ್ಯೆಯ ಮರುದಿನದ ಇಳಿತದಲ್ಲಿ, ಆರಿಸುವವರ ಜೊತೆಗೇ ದಿಬ್ಬದ ಅಂಚು ನಡೆಯಿರಿ. ಫೋನಿನ ಜಿಪಿಎಸ್ ಬಯಲಲ್ಲಿ 3ರಿಂದ 5 ಮೀಟರ್ ತಪ್ಪುತ್ತದೆ, ಬಳಚಿನ ಹಾಸಿಗೆ ಗುರುತಿಸಲು ಅದು ಧಾರಾಳ. ನಮೂನೆಯಲ್ಲಿ ಸಿಗುವ ಜೀವಿಯ ಜಾತಿ, ತಿಂಗಳು, ಕೈಯಿಂದಲೋ ಸಲಕರಣೆಯಿಂದಲೋ, ಮರಿ ಕಾಣುವ ಕಾಲ, ಯಾವ ಊರಿನವರು, ನಡೆದ ಹೊತ್ತು ಎಂಬ ಅಂಕಣಗಳಿರಲಿ. ವ್ಯಕ್ತಿಯ ಹೆಸರು ಬೇಡ. ಊರವರು ದಿಬ್ಬಕ್ಕೆ ಇಟ್ಟ ಹೆಸರು ಮಾತ್ರ ತಪ್ಪದೇ ಬರಲಿ, ಮುಂದೆ ಸಭೆಯಲ್ಲಿ ನಕ್ಷೆ ಹರಡಿದಾಗ ಜನ ಮಾತಾಡುವುದು ಆ ಹೆಸರುಗಳಲ್ಲೇ. ಗಂಡಸರು ತೋರಿಸುವ ದೋಣಿದಾರಿಯೂ ಹೆಂಗಸರು ತೋರಿಸುವ ಬಳಚಿನ ಜಾಗವೂ ಬೇರೆ ಬೇರೆ; ಒಬ್ಬರನ್ನೇ ಕೇಳಿದರೆ ಅರ್ಧ ಅಳಿವೆ ಕಳೆದುಹೋಗುತ್ತದೆ.

ತಿಂಗಳ ಅಂಕಣ ಯಾಕೆ ಮುಖ್ಯ ಎಂಬುದಕ್ಕೆ ಕೇರಳದ ಕೊಲ್ಲಂನ ಅಷ್ಟಮುಡಿ ಹಿನ್ನೀರು ನೋಡಬಹುದು. ಅಲ್ಲಿನ ಚಿಪ್ಪು ಮೀನುಗಾರಿಕೆ 2014ರಲ್ಲಿ, ಸುಸ್ಥಿರ ಮೀನುಗಾರಿಕೆಗೆ ಕೊಡುವ ಎಂಎಸ್‌ಸಿ ಪ್ರಮಾಣಪತ್ರ ಪಡೆಯಿತು. ಡಿಸೆಂಬರಿನಿಂದ ಫೆಬ್ರವರಿವರೆಗೆ ಆರಿಸುವುದಕ್ಕೆ ಬಿಡುವು ಕೊಡುವುದು ಅಲ್ಲಿನ ನಿಯಮಗಳಲ್ಲೊಂದು. ಎಲ್ಲಿ ಎಂಬುದರ ಜೊತೆ ಯಾವಾಗ ಎಂಬುದೂ ದಾಖಲಾಗಿರದಿದ್ದರೆ ಅಂಥ ನಿಯಮವನ್ನು ಚರ್ಚಿಸಲೂ ಆಗದು.

ಇನ್ನು ಆಳ. ಪಂಜರಕ್ಕೆ ಜಾಗ ಹುಡುಕುವವರು ಹೆಚ್ಚು ಎಡವುವುದು ಇಲ್ಲೇ. ಫೋನೋ ಜಿಪಿಎಸ್ಸೋ ತೋರಿಸುವ ಎತ್ತರ ದೀರ್ಘವೃತ್ತಾಕಾರದ ಕಾಲ್ಪನಿಕ ಭೂಮಿಯ ಲೆಕ್ಕದ್ದಾದರೆ, ನಮ್ಮ ಕರಾವಳಿಯಲ್ಲಿ ಅದು ಸಮುದ್ರಮಟ್ಟಕ್ಕಿಂತ ಎಂಬತ್ತಕ್ಕೂ ಹೆಚ್ಚು ಮೀಟರ್ ಕೆಳಗೆ ಎನ್ನುತ್ತದೆ. ಭೂಪಟದ ಎತ್ತರ ಸರಾಸರಿ ಸಮುದ್ರಮಟ್ಟದಿಂದ, ನೌಕಾಪಟದ ಆಳ ಮತ್ತು ಭರತದ ಪಟ್ಟಿ ಅದಕ್ಕಿಂತ ಒಂದು ಮೀಟರಿನ ಆಸುಪಾಸು ಕೆಳಗಿರುವ ನೌಕಾಪಟದ ಸೊನ್ನೆಯಿಂದ, ಅಂದರೆ ದೊಡ್ಡ ಇಳಿತಕ್ಕೆ ನೀರು ತಲುಪುವ ಸುಮಾರು ಮಟ್ಟದಿಂದ. ಮೂರನ್ನೂ ಒಂದೇ ಪದರಕ್ಕೆ ಸುರಿದರೆ ಆಳದ ನಕ್ಷೆ ಸುಳ್ಳಾಗುತ್ತದೆ, ನೋಡಲು ಮಾತ್ರ ಚೆಂದವಾಗಿಯೇ ಇರುತ್ತದೆ.

ಒಂದು ಲೆಕ್ಕ ನೋಡಿ. ದೋಣಿಯ ಎಕೋ ಸೌಂಡರ್ (ಶಬ್ದದಿಂದ ಆಳ ಅಳೆಯುವ ಯಂತ್ರ) 3.1 ಮೀಟರ್ ತೋರಿಸಿತು. ಅದರ ಸಂವೇದಕ ನೀರಿನ ಮೇಲ್ಮೈಯಿಂದ 0.3 ಮೀಟರ್ ಕೆಳಗಿದೆ, ಒಟ್ಟು ಆಳ 3.4. ಆ ಹೊತ್ತಿಗೆ ಭರತದ ಮಟ್ಟ 1.5 ಮೀಟರ್. ಕಳೆದರೆ ಉಳಿಯುವುದು 1.9. ಎರಡು ಮೀಟರ್ ಆಳದ ಬಲೆಯ ಪಂಜರ ಅಲ್ಲಿ ದೊಡ್ಡ ಇಳಿತಕ್ಕೆ ಕೆಸರಿನ ಮೇಲೆ ಕೂರುತ್ತದೆ. ಮೀನು ತಮ್ಮದೇ ಹೊಲಸಿನಲ್ಲಿ ಉಸಿರುಗಟ್ಟುತ್ತವೆ, ಬಲೆ ಹರಿಯುತ್ತದೆ. ಬಲೆಯ ತಳಕ್ಕೂ ನೆಲಕ್ಕೂ ನಡುವೆ ಇಳಿತದಲ್ಲೂ ಕನಿಷ್ಠ ಒಂದು ಮೀಟರ್ ಹರಿಯುವ ನೀರು ಇರಬೇಕು. ಕಾರವಾರದ ಪಟ್ಟಿಯ ಮಟ್ಟವನ್ನೇ ಅಳಿವೆಯ ಒಳಗಿನ ಆಳದಿಂದ ಕಳೆಯುವುದೂ ಸಲ್ಲದು. ಹತ್ತಿರದ ಜಟ್ಟಿಗೆ ಸೆಂಟಿಮೀಟರ್ ಗುರುತಿನ ಕೋಲು ಕಟ್ಟಿ, ಆಳ ಅಳೆಯುವಷ್ಟು ಹೊತ್ತೂ ಹತ್ತು ನಿಮಿಷಕ್ಕೊಮ್ಮೆ ಒಬ್ಬರು ಓದಿ ಬರೆಯಬೇಕು.

ಪಂಜರದ ಜಾಗಕ್ಕೆ ಅಂಕಗಳನ್ನು ಕೂಡಿಸಿ ‘ಯೋಗ್ಯತೆ ನಕ್ಷೆ’ ಮಾಡುವ ರೂಢಿ ನನಗೆ ಹಿಡಿಸದು. ಆಳಕ್ಕೆ 9, ರಸ್ತೆಗೆ 8, ಉಪ್ಪಿನಂಶಕ್ಕೆ 3 ಎಂದು ಕೂಡಿಸಿದಾಗ ರಸ್ತೆ ಹತ್ತಿರ ಎಂಬ ಕಾರಣಕ್ಕೆ ಮೀನು ಬದುಕದ ಜಾಗವೂ ಹಸಿರಾಗಿ ಕಾಣುತ್ತದೆ. ಮೊದಲು ಕಳೆಯಿರಿ: ಇಳಿತದಲ್ಲಿ ಆಳ ಸಾಲದ್ದು, ದೋಣಿದಾರಿ, ಬಳಚಿನ ಹಾಸಿಗೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚು, ಗಜನಿಗೆ (ಉಪ್ಪುನೀರಿನ ಗದ್ದೆಗೆ) ನೀರು ಹೋಗಿ ಬರುವ ಬಾಗಿಲುಗಳ ಎದುರು. ಉಳಿದದ್ದರಲ್ಲಷ್ಟೇ ಆಯ್ಕೆ. ಅಘನಾಶಿನಿಗೆ ಅಣೆಕಟ್ಟಿಲ್ಲದ ಕಾರಣ ಮಳೆಗಾಲದ ನೆರೆ ನೇರ ಇಳಿದು ಅಳಿವೆ ಸಿಹಿನೀರಾಗುತ್ತದೆ. ಫೆಬ್ರವರಿಯ ಉಪ್ಪಿನಂಶದ ಒಂದೇ ಪದರ ಇಟ್ಟುಕೊಂಡು ಜುಲೈಯಲ್ಲಿ ಕಲ್ವ ಬೆಳೆಯುವ ಯೋಜನೆ ಹಾಕಬಾರದು.

ಕಾನೂನಿನ ಗೆರೆಗಳ ಬಗ್ಗೆ ಒಂದು ಎಚ್ಚರಿಕೆ. 2019ರ ಕರಾವಳಿ ನಿಯಂತ್ರಣ ವಲಯ, ಅಂದರೆ ಸಿಆರ್‌ಝೆಡ್ ಅಧಿಸೂಚನೆಯಂತೆ ಭರತ ಬರುವ ಹೊಳೆಯ ದಡದಲ್ಲಿ ನಿಯಂತ್ರಣ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. ಕರಾವಳಿ ನಿರ್ವಹಣಾ ನಕ್ಷೆಯ ಪ್ರಮಾಣ 1:25,000, ಅದರಲ್ಲಿ 50 ಮೀಟರ್ ಎಂದರೆ 2 ಮಿಲಿಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ನೆಲದಲ್ಲಿ ಹನ್ನೆರಡೂವರೆ ಮೀಟರ್ ನುಂಗುತ್ತದೆ. ಪರದೆಯ ಮೇಲೆ ಅದನ್ನು ಹಿಗ್ಗಿಸಿ ‘ಮನೆ ಗೆರೆಯಿಂದ ಆಚೆಗಿದೆ’ ಎನ್ನುವುದು ವಾದವಲ್ಲ; ಸರ್ವೆ ನಂಬರಿನ ಮಟ್ಟದ ತಕರಾರಿಗೆ 1:4,000ರ ಸ್ಥಳೀಯ ನಕ್ಷೆ ಬೇಕು. ಕಾಂಡ್ಲಾ ವಿಸ್ತೀರ್ಣ 1,000 ಚದರ ಮೀಟರ್ ಮೀರಿದರೆ, ಖಾಸಗಿ ಜಮೀನಿನದನ್ನು ಬಿಟ್ಟು, ಸುತ್ತ 50 ಮೀಟರ್ ಹೆಚ್ಚುವರಿ ರಕ್ಷಣೆ ಇದೆ. 1,000 ಚದರ ಮೀಟರ್ ಎಂದರೆ ಸೆಂಟಿನೆಲ್-2ರ ಹತ್ತೇ ಪಿಕ್ಸೆಲ್, ಅವುಗಳಲ್ಲಿ ಬಹುಪಾಲು ಅಂಚಿನವು, ಅರ್ಧ ಗಿಡ ಅರ್ಧ ಕೆಸರು. ಅಂಥ ತೀರ್ಮಾನ ಉಪಗ್ರಹದಿಂದ ಕೂಡದು, ಸೆಂಟಿಮೀಟರ್ ನಿಖರತೆಯ ಜಿಪಿಎಸ್ ಆದ ಆರ್‌ಟಿಕೆ ಹಿಡಿದು ಅಂಚು ಸುತ್ತಬೇಕು. ಎವರೆಸ್ಟ್ ಎಂಬ ಹಿಂದಿನ ಭೂಮಾಪನ ಲೆಕ್ಕದ ಆಧಾರದ ಹಳೆಯ ಭೂಪಟಗಳನ್ನು ಪರಿವರ್ತಿಸದೆ ಹೇರಿದರೆ ಎಲ್ಲವೂ ನೂರು ಮೀಟರಿಗೂ ಮಿಕ್ಕಿ ಸರಿದು, ಊರೇ ಹೊಳೆಯಲ್ಲಿ ಕೂರುತ್ತದೆ.

ಸಿದ್ಧವಾದ ನಕ್ಷೆಯನ್ನು ಅಂತರ್ಜಾಲಕ್ಕೆ ಏರಿಸುವ ಮುನ್ನ ಊರವರನ್ನು ಕೇಳಿ. ಒಳ್ಳೆಯ ಬಳಚಿನ ಹಾಸಿಗೆಯ ನಿಖರ ಅಂಚು ಬಹಿರಂಗವಾದರೆ ಮೊದಲು ಬರುವುದು ಹೊರಗಿನವರ ದೋಣಿ. ಸಾರ್ವಜನಿಕ ಪ್ರತಿಯಲ್ಲಿ 500 ಮೀಟರಿನ ಚೌಕಗಳಾಗಿ ತೋರಿಸಿ, ನಿಖರ ಕಡತ ಪಂಚಾಯಿತಿಯ ಅಥವಾ ಮೀನುಗಾರರ ಸಂಘದ ಕೈಯಲ್ಲಿರಲಿ. ಪ್ರತಿ ಮಳೆಗಾಲವೂ ಅಳಿವೆಯ ಬಾಯಿಯ ಮರಳನ್ನು ಬೇರೆ ಕಡೆಗೆ ದೂಡುತ್ತದೆ. ಅಕ್ಟೋಬರ್ ಕೊನೆಗೆ ನೀರು ತಿಳಿಯಾದ ಕೂಡಲೇ ಬಾಯಿಯ ಭಾಗವನ್ನು ಹೊಸದಾಗಿ ನಡೆದು ಅಳೆಯಿರಿ. ಹಳೆಯ ಪದರವನ್ನು ಅಳಿಸದೆ, ವರ್ಷದ ಹೆಸರಿಟ್ಟು ಪಕ್ಕಕ್ಕಿಡಿ.